ಎಡಗಡೆಯ ಸೀಟು

ಏಪ್ರಿಲ್ 9, ಗುರುವಾರ

ವಕೀಲರ ಮನೆ ಮುಗಿಯಿತು. ಹಾಲ್‌ಗೆ ದಪ್ಪ ಪರದೆ, ಮಲಗುವ ಕೋಣೆಗೆ ಲೈನಿಂಗ್ ಹಾಕಿದ್ದು. ವಕೀಲರ ಹೆಂಡತಿ ಒಂದೊಂದೇ ಮಡಿಕೆ ಹಿಡಿದು ನೋಡಿದರು. ನೋಡಲಿ ಪಾಪ. ನನ್ನ ಮಡಿಕೆ ಯಾವ ಕೋರ್ಟಿನಲ್ಲಾದರೂ ನಿಲ್ಲುತ್ತದೆ. ಬಿಸಿಲು ಏರಿದಂತೆಲ್ಲ ಜನಕ್ಕೆ ಪರದೆಯ ನೆನಪು, ನಮಗೆ ಇದೇ ಸುಗ್ಗಿ.

ವಾಪಸ್ ಬರುವಾಗ ಉಳಿದ ರಾಡುಗಳು ಎಂದಿನ ಹಾಗೆ ಡಬ್ಬಿಯೊಳಗೆ. ಡ್ಯಾಶ್‌ಬೋರ್ಡಿನಿಂದ ಹಿಂದಿನ ಗಾಜಿನವರೆಗೆ, ಇವರಿಗೂ ನನಗೂ ನಡುವೆ ಬೇಲಿ. ಡಬ್ಬಿ ಅಂದರೆ ನಮ್ಮ ಕಾರು. ಮಗಳು ಹೈಸ್ಕೂಲಿನಲ್ಲಿದ್ದಾಗ ಕೊಂಡದ್ದು. ಈಗ ಅವಳ ಮಗಳೇ ಒಂದನೇ ಕ್ಲಾಸಿಗೆ ಹೊರಟಿದ್ದಾಳೆ.

ದಾರಿಯುದ್ದಕ್ಕೂ ನಮ್ಮ ಸಂಸಾರದ ಮಾತುಕತೆ—

"ಎಡಕ್ಕೆ ಸೈಕಲ್."

"ಹೂಂ."

"ಎಡಕ್ಕೆ ನೀರಿನ ಟ್ಯಾಂಕರ್, ನಿಂತಿದೆ."

"ಹೂಂ."

ಮಗಳು ಹಿಂದೆ ಕೂತಿದ್ದಳು, ಡ್ಯೂಟಿ ಮುಗಿಸಿ ಆಸ್ಪತ್ರೆಯ ಯೂನಿಫಾರ್ಮಿನಲ್ಲೇ. ಕಿಸಕ್ಕನೆ ನಕ್ಕಳು. "ಅಮ್ಮ, ನೀನು ಸೀಟಿಯೊಂದು ಇಟ್ಕೊಂಬಿಡು. ಕಂಡಕ್ಟರ್ ಕೆಲ್ಸ ಪೂರ್ತಿ ಆಗುತ್ತೆ."

"ನನ್ ಬಾಯಿ ಇರೋದಕ್ಕೇ ಕಣೇ ಈ ಗಾಡಿ ಇನ್ನೂ ಗಾಡಿ ಥರ ಇರೋದು" ಅಂದೆ. ಇವರೂ ನಕ್ಕರು.

ಆಮೇಲೆ ವಿಷಯಕ್ಕೆ ಬಂದಳು. ಜೂನ್‌ನಿಂದ ಅವಳಿಗೆ ಬೆಳಗಿನ ಶಿಫ್ಟು. ಅಳಿಯ ಇರುವುದು ಬೇರೆ ಊರಲ್ಲಿ, ಬರುವುದು ರಜೆಗೆ. ಸ್ಕೂಲ್ ವ್ಯಾನ್ ಈ ಕಡೆ ಬರುವುದಿಲ್ಲ. ಹಾಗಾಗಿ ಸುಂಡಿಲಿ—ಮೊಮ್ಮಗಳನ್ನು ನಾವು ಕರೆಯುವುದೇ ಹಾಗೆ—ನಮ್ಮ ಹತ್ತಿರ ಇರುತ್ತಾಳೆ, ತಾತ ಸ್ಕೂಲಿಗೆ ಬಿಡಬೇಕು. ಇವರ ಮುಖ ಅರಳಿದ್ದು ನೋಡಬೇಕಿತ್ತು!

"ಆದ್ರೆ ಈ ಡಬ್ಬೀಲಿ ಬೇಡಪ್ಪ. ಏರ್‌ಬ್ಯಾಗಿಲ್ಲ, ಏನಿಲ್ಲ. ಚಿಕ್ಕ ಕಾರಿನವ್ರು ನಮ್ ಎಮರ್ಜೆನ್ಸಿಗೆ ಹೆಂಗೆ ಬರ್ತಾರೆ ಅಂತ ನಾನು ದಿನಾ ನೋಡ್ತೀನಿ. ಗ್ರಾನೈಟ್ ಅಂಗಡಿಯವ್ರು ಅವ್ರ ಎಸ್‌ಯುವಿ ಮಾರ್ತಾರಂತೆ. ನೋಡಿ."

ಇವರು ಹೂಂ ಅನ್ನಲಿಲ್ಲ. ಆದರೆ ಮೂರನೇ ಗೇರಿನಿಂದ ನಾಲ್ಕಕ್ಕೆ ಹಾಕಿದ ರೀತಿಯಲ್ಲೇ ತಿಳಿಯಿತು—ಮನಸ್ಸಿನಲ್ಲಿ ಗಾಡಿ ಆಗಲೇ ಮನೆ ಮುಂದೆ ನಿಂತಿದೆ.

ಏಪ್ರಿಲ್ 12, ಭಾನುವಾರ

ಬೆಳಗಿನಿಂದ ಅದೇ ಪುರಾಣ. ಕಾಫಿ ಆರಿತು, ಇವರ ಬಾಯಿ ಆರಲಿಲ್ಲ.

ಅದು ಎತ್ತರ, ರಸ್ತೆ ಪೂರ್ತಿ ಕಾಣುತ್ತದೆ. ಇದು ತಗ್ಗು, ಮುಂದಿನ ಲಾರಿಯ ಹಿಂಭಾಗ ಬಿಟ್ಟರೆ ಏನಿಲ್ಲ. ಅದಕ್ಕೆ ಮೇಲೆ ಕ್ಯಾರಿಯರ್ ಇದೆ, ರಾಡುಗಳನ್ನು ಕಟ್ಟಿಕೊಂಡು ಹೋಗಬಹುದು. ಇದರಲ್ಲಿ ನನ್ನ ಹೆಗಲೇ ಕ್ಯಾರಿಯರ್. ಅದರ ಬಾಗಿಲು ಮುಚ್ಚಿದರೆ ‘ಧಪ್’ ಅನ್ನುತ್ತದಂತೆ. ಇದರದು ಬಿಸ್ಕತ್ತಿನ ಡಬ್ಬಿ ಮುಚ್ಚಿದ ಹಾಗೆ.

"ಆನೆ ಕಣೇ ಅದು, ಆನೆ."

"ಆನೆಯೋ ಕೋಣವೋ. ನಮ್ ಅಂಗಡಿ ಗಲ್ಲಿಗೆ ನುಗ್ಗುತ್ತಾ ಅದು? ಇದು ನೋಡಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತೆ. ಕುಡಿಯೋದೂ ಕಮ್ಮಿ. ಕೆಟ್ಟರೆ ಮೂಲೆ ಗ್ಯಾರೇಜಿನವನೇ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ರೀ."

"ಮೊಮ್ಮಗಳ ಜೀವಕ್ಕಿಂತ ಗಲ್ಲಿ ದೊಡ್ಡದಾ ನಿನಗೆ?"

ಲೋಟ ತೊಳೆಯಲು ಎದ್ದೆ. ಅವರು ಹೇಳಿದ್ದೂ ಸುಳ್ಳಲ್ಲ. ಡಬ್ಬಿಯ ತಗಡು ನನ್ನ ಹೆಬ್ಬೆರಳಿಗೇ ಬಗ್ಗುತ್ತದೆ. ಆದರೂ ಮನಸ್ಸು ಒಪ್ಪುತ್ತಿಲ್ಲ. ಯಾಕೆ ಅಂತ ನನಗೇ ಗೊತ್ತಿಲ್ಲ.

ಏಪ್ರಿಲ್ 15, ಬುಧವಾರ

ಟ್ರಯಲ್ ನೋಡಲು ಹೋದೆವು. ಹತ್ತಿರದಿಂದ ನೋಡಿದರೆ ನಿಜಕ್ಕೂ ಕೋಣ. ಹತ್ತುವುದಕ್ಕೆ ಒಂದು ಕಾಲು ಮೆಟ್ಟಿಲಿಗೆ, ಒಂದು ಕೈ ಹಿಡಿಕೆಗೆ. ಒಳಗೆ ಮಾತ್ರ... ಹೇಳಬೇಕು, ಸೀಟು ಸೋಫಾದಂತಿದೆ. ಏಸಿ ಹಾಕಿದ ಗಳಿಗೆಯಲ್ಲಿ ನನ್ನ ತತ್ವಗಳೆಲ್ಲ ಸ್ವಲ್ಪ ಸಡಿಲವಾದವು.

ಗ್ರಾನೈಟ್‌ನವನು ಮುಂದೆ ಇವರ ಪಕ್ಕದಲ್ಲಿ ಕೂತ. ಮಾರುವವನು ಅವನು, ಬಟನ್‌ಗಳನ್ನೆಲ್ಲ ತೋರಿಸಬೇಕಲ್ಲ. ನಾನು ಹಿಂದೆ. ಇವರು ಓಡಿಸುವ ಗಾಡಿಯಲ್ಲಿ ನಾನು ಹಿಂದೆ ಕೂತದ್ದು ಇದೇ ಮೊದಲ ಸಲ.

ಮೇನ್ ರೋಡಿನಲ್ಲಿ ರಾಜನ ಹಾಗೆ ಓಡಿಸಿದರು. ಎಡಕ್ಕೆ ತಿರುಗಿಸಿದರು ನೋಡಿ—ಹಿಂದಿನ ಚಕ್ರ ಫುಟ್‌ಪಾತ್ ಹತ್ತಿ ಇಳಿಯಿತು. ನನ್ನ ತಲೆ ಗಾಜಿಗೆ ಬಡಿಯಿತು. ಸ್ವಲ್ಪ ಮುಂದೆ ಪಾತ್ರೆ ಅಂಗಡಿಯವನು ಹೊರಗೆ ಜೋಡಿಸಿದ್ದ ಪ್ಲಾಸ್ಟಿಕ್ ಬಕೆಟ್ಟುಗಳು. ಎರಡು ಲಟಲಟ ಪುಡಿ. ಅಂಗಡಿಯವನು ಕೂಗಿದಾಗಲೇ ಇವರಿಗೆ ತಿಳಿದದ್ದು.

"ಗಾಡಿ ಅಗಲ ಇದೆ. ಅಂದಾಜು ಸಿಗ್ಬೇಕು" ಅಂದರು.

"ಎರಡು ದಿನ ಓಡಿಸಿದ್ರೆ ಕೈಗೆ ಹತ್ತುತ್ತೆ ಅಣ್ಣ" ಅಂತ ಗ್ರಾನೈಟ್‌ನವನು. ಮಾರುವವನ ಬಾಯಿಗೆ ಸಕ್ಕರೆ.

ಮನೆಗೆ ಬಂದ ಮೇಲೆ ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದುಬಿಟ್ಟೆ. ತಮಾಷೆಗೆ. ಇವರು ತಟ್ಟೆ ಬಿಟ್ಟು ಎದ್ದರು. ಇಷ್ಟು ಸಣ್ಣ ಮಾತಿಗೆ ಎದ್ದು ಹೋಗುವ ಜನ ಅಲ್ಲ ಇವರು.

ಏಪ್ರಿಲ್ 18, ಶನಿವಾರ

ನಾನೇ ಪರೀಕ್ಷೆ ಮಾಡಿದೆ. ಗ್ರಾನೈಟ್ ಅಂಗಡಿಯ ಮುಂದೆ ಕೋಣ ನಿಂತಿತ್ತು. ಕೀ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸುಂಡಿಲಿಯನ್ನು ಬಾನೆಟ್ ಮುಂದೆ ನಿಲ್ಲಿಸಿ, ಹೋಗಿ ಡ್ರೈವರ್ ಸೀಟಿನಲ್ಲಿ ಕೂತೆ. ಜನ್ಮದಲ್ಲಿ ಮೊದಲ ಸಲ.

ಮಗು ಇಲ್ಲ.

ಬಾನೆಟ್ ಇದೆ, ಬಾನೆಟ್ಟಿನಾಚೆ ರಸ್ತೆ ಇದೆ, ಎದುರಿನ ಔಷಧಿ ಅಂಗಡಿಯ ಬೋರ್ಡಿದೆ. ನನ್ನ ಮೊಮ್ಮಗಳು ಇಲ್ಲ. "ಕೈ ಎತ್ತೇ" ಅಂದೆ. ನಾಲ್ಕು ಬೆರಳ ತುದಿ ಕಂಡವು.

ಡಬ್ಬಿಯಲ್ಲೂ ಹಾಗೇ ಮಾಡಿದೆ. ಕೂದಲಿನ ಕ್ಲಿಪ್ಪು, ಹಣೆ, ಕಣ್ಣು, ನನ್ನನ್ನು ಅಣಕಿಸಲು ಹೊರಚಾಚಿದ ನಾಲಿಗೆ—ಎಲ್ಲ ಕಂಡಿತು.

ಮಗಳಿಗೆ ಹೇಳಿದರೆ, "ಅದಕ್ಕೆ ಕ್ಯಾಮರಾ ಇದೆಯಲ್ಲಮ್ಮ."

"ಅದು ಹಿಂದಿದೆ ಕಣೇ. ಇವಳು ಮುಂದಿದ್ಲು."

"ಒಳಗೆ ಕೂರೋಳು ಅವಳು, ಮುಂದೆ ನಿಲ್ಲೋಳಲ್ಲ. ಒಳಗೆ ಕೂತವ್ರಿಗೆ ಯಾವ್ದು ಒಳ್ಳೇದು ಅಂತ ನೋಡು."

ಅವಳದೂ ಸರಿಯೇ. ಒಳಗಿದ್ದವರಿಗೆ ಕೋಣ, ಹೊರಗಿದ್ದವರಿಗೆ ಡಬ್ಬಿ. ಯಾವ ಮಗು ಎಲ್ಲಿರುತ್ತದೆ ಅಂತ ಯಾರಿಗೆ ಗೊತ್ತು?

ಇವರು ಮಧ್ಯೆ ಬಾಯಿ ಹಾಕಿದರು. "ಅದರಲ್ಲಿ ಸೆನ್ಸರ್ ಇದೆ. ಏನೇ ಹತ್ರ ಬಂದ್ರೂ ತಾನೇ ಪೀಂ ಪೀಂ ಅನ್ನುತ್ತೆ. ನಿನ್ ಗಂಟಲಿಗೂ ರೆಸ್ಟು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಲಗುವಾಗ ಅಳು ಬಂತು. ಇಷ್ಟು ವರ್ಷ ಪಕ್ಕದಲ್ಲಿ ಕೂತು ಹೇಳಿದ್ದೆಲ್ಲ ಪೀಂ ಪೀಂ ಆಯಿತೇ?

ಏಪ್ರಿಲ್ 27, ಸೋಮವಾರ

ಅವಮಾನ. ಹಲ್ಲಿನ ಡಾಕ್ಟರಮ್ಮನ ಮನೆಯಿಂದ ಪರದೆ ವಾಪಸ್ ಬಂತು. ಅಗಲ ಸಾಲದು. ನನ್ನ ಕತ್ತರಿ ತಪ್ಪಿಲ್ಲ. ಇವರು ಕೂಗಿದ ಅಳತೆಗೇ ಕತ್ತರಿಸಿದ್ದೇನೆ. ಹೋಗಿ ನೋಡಿದರೆ ಕಿಟಕಿಯ ಎಡಗಡೆಗೆ ಇನ್ನೊಂದು ಸಣ್ಣ ಗಾಜಿನ ಪಟ್ಟಿ ಇದೆ. ಅದನ್ನು ಬಿಟ್ಟೇ ಅಳೆದಿದ್ದಾರೆ.

"ಇದು ಕಾಣ್ಲಿಲ್ವಾ ರೀ?"

"ಟೇಪು ಜಾರಿರ್ಬೇಕು."

ಟೇಪು ಜಾರಿದರೆ ಎರಡು ಬೆರಳು ಕಮ್ಮಿಯಾಗುತ್ತದೆ. ಒಂದು ಕಿಟಕಿಯೇ ಜಾರುತ್ತದೆಯೇ? ಇವರು ಕೋಣೆಗೆ ಕಾಲಿಟ್ಟರೆ ಸಾಕು, ಕಣ್ಣಳತೆಯಲ್ಲೇ ಅಗಲ ಹೇಳುತ್ತಿದ್ದವರು. ಟೇಪು ಬರೀ ಸಾಕ್ಷಿಗೆ ಅನ್ನುತ್ತಿದ್ದರು.

ಡಾಕ್ಟರಮ್ಮ ಒಳ್ಳೆಯವರು, ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಫುಟ್‌ಪಾತು ಎಡಗಡೆ. ಬಕೆಟ್ಟು ಎಡಗಡೆ. ಗಾಜಿನ ಪಟ್ಟಿ ಎಡಗಡೆ. ಊಟಕ್ಕೆ ಕೂತಾಗ ಎಡಕ್ಕಿಟ್ಟ ನೀರಿನ ಲೋಟ ವಾರಕ್ಕೊಮ್ಮೆ ಉರುಳುತ್ತದೆ. "ಕೈಕಾಲಿನ ಮೇಲೆ ಗಮನ ಇರ್ಲಿ" ಅಂತ ನಾನೇ ಬೈಯುತ್ತೇನೆ. ಇದೇನಿದು... ಬರೆಯಲೂ ಭಯ.

ಏಪ್ರಿಲ್ 28, ಮಂಗಳವಾರ

ಇವತ್ತು ಬಾಯಿಗೆ ಬೀಗ ಹಾಕಿಕೊಂಡೆ. ಬೇಕಂತಲೇ.

ಡಬ್ಬಿಯಲ್ಲಿ ಹೊರಟೆವು, ನಾನು ಎಡಗಡೆ ಸೀಟಿನಲ್ಲಿ, ರಾಡುಗಳು ನಡುವೆ. ನಮ್ಮ ಬೀದಿ ಸಲೀಸು. ಒಂದೊಂದು ಗುಂಡಿಯೂ ಇವರಿಗೆ ಬಾಯಿಪಾಠ. ಮಾರ್ಕೆಟ್ ರಸ್ತೆಯೂ ಸಲೀಸು. ನನಗೇ ನಾಚಿಕೆಯಾಯಿತು, ಕಟ್ಟಿಕೊಂಡ ಗಂಡನನ್ನು ಹೀಗೆ ಪರೀಕ್ಷೆ ಮಾಡುತ್ತಿದ್ದೇನಲ್ಲ ಅಂತ.

ಬಸ್‌ಸ್ಟ್ಯಾಂಡ್ ಹಿಂದಿನ ರಸ್ತೆ. ಎಡಗಡೆಯಿಂದ ಒಬ್ಬ ಮುದುಕ ತಳ್ಳುಗಾಡಿ ನೂಕಿಕೊಂಡು ಇಳಿದ. ಅವನಿಗೆ ನಾವು ಕಾಣುತ್ತಿದ್ದೇವೆ, ನಿಲ್ಲುತ್ತೇವೆ ಅಂತ ನಂಬಿದ್ದಾನೆ. ಇವರು ವೇಗ ಇಳಿಸಲಿಲ್ಲ. ಈಗ ಇಳಿಸುತ್ತಾರೆ, ಈಗ ಇಳಿಸುತ್ತಾರೆ... ಇಲ್ಲ. ಮುಖ ಶಾಂತವಾಗಿದೆ. ಖಾಲಿ ರಸ್ತೆಯಲ್ಲಿ ಹೋಗುವವರ ಮುಖ.

"ಎಡಕ್ಕೆ!" ಕಿರುಚಿದೆ.

ಬ್ರೇಕು. ರಾಡುಗಳು ಮುಂದಕ್ಕೆ ನುಗ್ಗಿ ಗಾಜಿಗೆ ಬಡಿದವು. ಗಾಜಿನಲ್ಲಿ ಜೇಡರಬಲೆಯ ಹಾಗೆ ಬಿರುಕು. ಮುದುಕ ತಳ್ಳುಗಾಡಿಯನ್ನು ಅಪ್ಪಿಕೊಂಡು ನಿಂತುಬಿಟ್ಟಿದ್ದ. ಬಾಯಿಗೆ ಬಂದದ್ದೆಲ್ಲ ಬೈದು ಹೋದ. ಬೈಯಲಿ, ಬದುಕಿದ್ದಾನಲ್ಲ.

ಇವರು ನನ್ನ ಕಡೆ ತಿರುಗಿದರು.

"ಯಾಕೆ ಮೊದ್ಲೇ ಹೇಳ್ಲಿಲ್ಲ?"

ಎಲ್ಲಿಂದ ಬಂದ ಅವನು ಅನ್ನಲಿಲ್ಲ. ನೋಡಲಿಲ್ಲ ಅನ್ನಲಿಲ್ಲ. ಯಾಕೆ ಮೊದಲೇ ಹೇಳಲಿಲ್ಲ.

ಹೇಳಿದ ಮೇಲೆ ಅವರಿಗೂ ತಿಳಿಯಿತು, ತಾವು ಹೇಳಿದ್ದೇನು ಅಂತ. ಹಿಂದಿನವರು ಹಾರನ್ ಹೊಡೆಯುತ್ತಿದ್ದರು.

ಮೇ 2, ಶನಿವಾರ

ಕಣ್ಣಾಸ್ಪತ್ರೆ. ಆಟೋದಲ್ಲಿ ಹೋದೆವು. ದಾರಿಯಲ್ಲಿ ಎಡಕ್ಕೆ ಬಂದದ್ದನ್ನೆಲ್ಲ ನಾನು ಬಾಯೊಳಗೇ ಹೇಳಿಕೊಳ್ಳುತ್ತಿದ್ದೆ. ಅಭ್ಯಾಸ.

ಒಂದು ಯಂತ್ರದ ಮುಂದೆ ಗದ್ದ ಊರಿಸಿ ಕೂರಿಸಿದರು. ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಕೈಯಲ್ಲಿರುವ ಬಟನ್ ಒತ್ತಬೇಕು. ಆ ಕೋಣೆಗೆ ಕಪ್ಪು ಪರದೆ, ಹೊಲಿಗೆ ಸುಮಾರು. ನಾನು ಈಚೆ ಕೂತು ಕೇಳುತ್ತಿದ್ದೆ. ಟಕ್. ಟಕ್ ಟಕ್. ಆಮೇಲೆ ಸದ್ದೇ ಇಲ್ಲ. ಒತ್ತಿ, ಒತ್ತಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಯಂತ್ರ ಮಾತ್ರ ಗುಂಯ್‌ಗುಡುತ್ತಿತ್ತು.

ಡಾಕ್ಟರು ಚಿಕ್ಕ ವಯಸ್ಸಿನವರು, ಮೆಲ್ಲಗೆ ಮಾತಾಡುತ್ತಾರೆ. ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸವೆದಿದೆ. ಎದುರಿಗಿರುವುದು ಸ್ಪಷ್ಟ ಕಾಣುತ್ತದೆ, ಅದಕ್ಕೇ ಇವರಿಗೆ ಗೊತ್ತೇ ಆಗಿಲ್ಲ. ಎಡಪಕ್ಕ ಹೆಚ್ಚುಕಮ್ಮಿ ಪೂರ್ತಿ ಹೋಗಿದೆ.

"ಹೋದದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಣ. ಡ್ರಾಪ್ಸ್ ಒಂದಿನಾನೂ ತಪ್ಪಿಸ್ಬೇಡಿ. ಮತ್ತೆ ಡ್ರೈವಿಂಗ್ ಇವತ್ತಿಗೆ ನಿಲ್ಲಿಸ್ಬಿಡಿ."

"ಗೊತ್ತಿರೋ ರಸ್ತೇಲಿ..." ಅಂದರು ಇವರು.

"ಗೊತ್ತಿರೋ ರಸ್ತೇಲೂ ಗೊತ್ತಿಲ್ದೋರು ಬರ್ತಾರಲ್ಲ ಸರ್."

ಇನ್ನೊಂದು ಮಾತು ಹೇಳಿದರು. ಇದು ಮನೆತನದಲ್ಲಿ ಬರುವ ಕಾಯಿಲೆ. ಮಕ್ಕಳಿದ್ದರೆ ಕಣ್ಣು ತೋರಿಸಲಿ.

ಅದೇ ದಿನ, ಸಂಜೆ

ಇವರು ವರಾಂಡದಲ್ಲಿ ಡಬ್ಬಿಯನ್ನೇ ನೋಡುತ್ತ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ, ಎಡಕ್ಕೆ. ಆಮೇಲೆ ನೆನಪಾಗಿ ಎದ್ದು ಬಲಕ್ಕೆ ಬಂದೆ. ಅದನ್ನು ನೋಡಿ ಅವರಿಗೆ ದುಃಖ ತಡೆಯಲಾಗಲಿಲ್ಲ.

"ಮಗಳಿಗೆ ಹೇಳ್ಬೇಡ ಕಣೇ. ನಾನೇ ಹೇಳ್ತೀನಿ, ಸ್ವಲ್ಪ ಟೈಮ್ ಕೊಡು. ಗೊತ್ತಾದ್ರೆ ಮಗೂನ ನನ್ ಕೈಗೆ ಕೊಡಲ್ಲ. ಮೂಲೇಲಿ ಕೂತ್ಕೊಳ್ಳಪ್ಪ ಅಂತಾಳೆ. ಆಟೋದಲ್ಲಿ ಕರ್ಕೊಂಡೋಗ್ತೀನಿ. ಕೈ ಹಿಡ್ಕೊಂಡು ಹೋಗಿ ಗೇಟಲ್ಲಿ ಬಿಡ್ತೀನಿ. ಅಷ್ಟಕ್ಕೂ ಯೋಗ್ಯತೆ ಇಲ್ವಾ ನನಗೆ?"

"ಗಾಡಿ ಮುಟ್ಟಲ್ಲ ತಾನೆ?"

"ಮುಟ್ಟಲ್ಲ. ಕೀ ನೀನೇ ಇಟ್ಕೋ."

ಕೀ ನನ್ನ ಅಂಗಿಗುಂಡಿಗಳ ಡಬ್ಬದಲ್ಲಿಟ್ಟೆ. ನಾನೂ ಮಾತು ಕೊಟ್ಟೆ. ಏನು ಮಾಡಲಿ, ಆ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ.

ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಇಷ್ಟು ದಿನ ಡಬ್ಬಿಯ ಪರ ವಾದ ಮಾಡಿದೆನಲ್ಲ. ಡಬ್ಬಿಯೂ ನಾನೂ ಸೇರಿ ಇವರ ಕಾಯಿಲೆ ಮುಚ್ಚಿಟ್ಟಿದ್ದೆವು. ಡಬ್ಬಿ ಇವರಿಗೆ ಹಳೆಯ ಅಂಗಿ ಇದ್ದ ಹಾಗೆ, ಕತ್ತಲಲ್ಲೂ ತೋಳು ಸಿಗುತ್ತದೆ. ಮಿಕ್ಕಿದ್ದಕ್ಕೆ ನನ್ನ ಬಾಯಿ. ಆ ಕೋಣ ಪರಕೀಯ, ಒಂದೇ ತಿರುವಿನಲ್ಲಿ ನಿಜ ಹೇಳಿಬಿಟ್ಟಿತು. ನಾನು ಅದನ್ನು ಬೈದೆ.

ಮೇ 5, ಮಂಗಳವಾರ

ಇವರು ಗ್ರಾನೈಟ್‌ನವನಿಗೆ "ಇಂಜಿನ್ ಸದ್ದು ಸರಿ ಇಲ್ಲ" ಅಂದು ಬಂದರು. ಅವನಿಗೆ ಬೇಜಾರು. ಇಂಜಿನ್ ಗಡಿಯಾರದ ಹಾಗಿದೆ, ಪಾಪ.

ಮಗಳು ಫೋನಿನಲ್ಲಿ ಉರಿದುಬಿದ್ದಳು. "ನಿನ್ನದೇ ಕಿತಾಪತಿ ಅಂತ ಗೊತ್ತು ನನಗೆ. ಅಪ್ಪ ಆಸೆಪಟ್ಟು ಒಂದು ಗಾಡಿ ನೋಡಿದ್ರು. ನಿನಗೆ ಆ ಡಬ್ಬೀನೇ ಬೇಕು. ನನ್ ಮಗೂಗೆ ಏನಾದ್ರೂ ಆದ್ರೆ ನೀನೇ ಹೊಣೆ ಅಮ್ಮ."

"ಆಯ್ತು ಬಿಡೇ" ಅಂದೆ. ಬಿಸಿ ತುಪ್ಪ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಡಬ್ಬಿಗೊಂದು ಹೊದಿಕೆ ಹೊಲಿದೆ, ಉಳಿದ ದಪ್ಪ ಪರದೆ ಬಟ್ಟೆಯಲ್ಲಿ. ಹೊರಗೆ ಬೂದುಬಣ್ಣ, ಒಳಗೆ ಬಿಳಿ ಲೈನಿಂಗ್. ಹೊದಿಸಿ ಕಟ್ಟಿದಾಗ ಏನೋ ಸಮಾಧಾನ, ಏನೋ ಸಂಕಟ.

ಮೇ 24, ಭಾನುವಾರ

ಇವರು ಮಗಳಿಗೆ ಇನ್ನೂ ಹೇಳಿಲ್ಲ. ಕೇಳಿದರೆ "ಸ್ಕೂಲ್ ಶುರುವಾಗ್ಲಿ" ಅನ್ನುತ್ತಾರೆ. ಅವಳು ಕಣ್ಣು ತೋರಿಸಬೇಕು ಅಂತ ಡಾಕ್ಟರು ಹೇಳಿದ್ದು ನನ್ನನ್ನು ಸೂಜಿಯ ಹಾಗೆ ಚುಚ್ಚುತ್ತಿದೆ. ನಿನ್ನೆ ಅವಳು ಬಂದಾಗ ಕಣ್ಣನ್ನೇ ನೋಡುತ್ತಿದ್ದೆ. "ಏನಮ್ಮ, ಕಾಡಿಗೆ ಹರಡಿದ್ಯಾ?" ಅಂದಳು.

ಇವರು ತಪ್ಪದೆ ಡ್ರಾಪ್ಸ್ ಹಾಕಿಸಿಕೊಳ್ಳುತ್ತಾರೆ. ಮಗುವಿನ ಹಾಗೆ ಬಾಯಿ ತೆರೆದು. ಕಣ್ಣಿಗೆ ಹಾಕುವಾಗ ಬಾಯಿ ಯಾಕೆ ತೆರೆಯುತ್ತಾರೋ ದೇವರೇ ಬಲ್ಲ.

ಲಾಡ್ಜಿನವರ ಆರ್ಡರ್ ಬಂದಿದೆ, ಎಲ್ಲ ಕೋಣೆಗಳಿಗೆ. ಜೂನ್ ಪೂರ್ತಿ ನಾನು ಬೆಳಗಾಗುತ್ತಲೇ ಅಂಗಡಿಗೆ ಹೋಗಿ ಮಿಷನ್ನಿಗೆ ಅಂಟಿಕೊಳ್ಳಬೇಕು.

ಜೂನ್ 1, ಸೋಮವಾರ

ಸ್ಕೂಲ್ ಶುರು. ಸುಂಡಿಲಿ ಬ್ಯಾಗ್ ಹೊತ್ತರೆ ಹಿಂದಿನಿಂದ ಬ್ಯಾಗಿಗೇ ಕಾಲು ಬಂದ ಹಾಗೆ. ನಾನು ಹೊರಡುವಾಗ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. "ಆಟೋ ಬರುತ್ತೆ, ನೀನು ಹೋಗೇ" ಅಂದರು ಇವರು. ಇಸ್ತ್ರಿ ಅಂಗಿ, ಬಾಚಿದ ತಲೆ. ಎಷ್ಟೋ ದಿನದ ಮೇಲೆ ಬೆನ್ನು ನೆಟ್ಟಗಿತ್ತು.

ನೋಡಿ ಸಂತೋಷವಾಯಿತು. ಮಾತು ಕೊಟ್ಟದ್ದು ಒಳ್ಳೆಯದೇ ಆಯಿತು ಅನ್ನಿಸಿತು.

ಜೂನ್ 11, ಗುರುವಾರ

ಅಂಗಡಿಯಿಂದ ಬಂದಾಗ ಡಬ್ಬಿಯ ಹೊದಿಕೆ ತಿರುಗಮುರುಗ. ಬಿಳಿ ಲೈನಿಂಗ್ ಹೊರಗೆ, ಹೊಲಿಗೆಯ ಅಂಚೆಲ್ಲ ಕಾಣುವ ಹಾಗೆ. ನಾನಂತೂ ಹಾಗೆ ಹೊದಿಸುವವಳಲ್ಲ.

"ಗಾಳಿಗೆ ಬಿದ್ದಿತ್ತು, ನಾನೇ ಹಾಕ್ದೆ" ಅಂದರು. ಸುಂಡಿಲಿ ಬಾಯಿಗೆ ಕೈ ಅಡ್ಡ ಹಿಡಿದು ಕಿಲಕಿಲ ನಕ್ಕಳು. ಒಳಗೆ ಅಡಗಿ ಆಡಿರಬೇಕು, ಬೈಸಿಕೊಳ್ಳದಿರಲಿ ಅಂತ ತಾತ ಮುಚ್ಚಿಹಾಕುತ್ತಿದ್ದಾರೆ. ಸುಮ್ಮನಾದೆ. ಸೊಂಟ ಬಿದ್ದು ಹೋಗಿದೆ, ಲಾಡ್ಜಿನ ಅರ್ಧವೂ ಮುಗಿದಿಲ್ಲ.

ಮಗಳು ಫೋನ್ ಮಾಡಿದ್ದಳು. ಸಿಟ್ಟು ಇಳಿದಿದೆ. "ಅಪ್ಪಂಗೆ ಡಬ್ಬೀನೇ ಸಾಕಂತೆ ಬಿಡಮ್ಮ. ಟೈಮಿಗೆ ಸರಿಯಾಗಿ ಬಿಡ್ತಿದ್ದಾರಲ್ಲ." ಅವಳಿಗೆ ಆಟೋ ವಿಷಯವನ್ನೂ ಹೇಳಿಲ್ಲ ಇವರು. ನಾನು ಹೂಂ ಅಂದೆ. ಈಗ ಹೂಂ ಅನ್ನುವುದು ನನ್ನ ಪಾಳಿ.

ಜೂನ್ 19, ಶುಕ್ರವಾರ, ಸಂಜೆ

ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಮಗಳಿಗೆ ಇವತ್ತು ಡಬಲ್ ಡ್ಯೂಟಿ. ಸ್ಕೂಲಿನಿಂದ ಸುಂಡಿಲಿಯನ್ನು ಆಟೋದಲ್ಲಿ ಕರೆತಂದು ಅಂಗಡಿಗೆ ಬಿಟ್ಟು ಇವರು ರಾಡಿನ ಬ್ರಾಕೆಟ್ ತರಲು ಹೋದರು. ಅವಳು ಕತ್ತರಿಸುವ ಮೇಜಿನ ಕೆಳಗೆ ಆಡುತ್ತಿದ್ದಳು. ದಾರದ ಡಬ್ಬಗಳನ್ನು ಎರಡು ಸೀಟು ಮಾಡಿದ್ದಳು. ಬಲಕ್ಕೆ ಬಟ್ಟೆ ಕರಡಿ, ಎಡಕ್ಕೆ ತಾನು. ಮಿಷನ್ ನಿಲ್ಲಿಸಿದಾಗ ಕೇಳಿಸಿತು.

"ಎಡಕ್ಕೆ ನಾಯಿ!"

ಆಮೇಲೆ ಗಂಟಲು ದಪ್ಪ ಮಾಡಿ, "ಹೂಂ."

"ಎಡಕ್ಕೆ ಸ್ಕೂಟರ್ ಆಂಟಿ!"

"ಹೂಂ."

ನನ್ನ ಕಾಲು ಪೆಡಲ್ ಮೇಲೆ ಹಾಗೇ ನಿಂತಿತು. ನಕ್ಕೆ, ಬಲವಂತದ ನಗು. "ಏನೇ ಆಟ ಇದು? ಅಜ್ಜಿ ಥರ ಮಾಡ್ತಿದ್ದೀಯಾ?"

"ನಾನೀಗ ಕಂಡಕ್ಟರ್ ಅಜ್ಜಿ. ನಿನ್ ಸೀಟು ನಂದು. ದಿನಾ ನಾನೇ ಹೇಳೋದು. ನಾನು ಹೇಳ್ಲಿಲ್ಲ ಅಂದ್ರೆ ತಾತಂಗೆ ಎಡಗಡೆ ಇರೋದು ಗೊತ್ತೇ ಆಗಲ್ಲ." ಆಮೇಲೆ ಬಾಯಿಗೆ ಕೈ ಅಡ್ಡ. "ಅಯ್ಯೋ! ಇದು ಸೀಕ್ರೆಟ್ಟು."

ಕೆಳಗೆ ಕೂತು ಅವಳನ್ನು ತೊಡೆಯ ಮೇಲೆ ಎಳೆದುಕೊಂಡೆ. ಕೇಳಿದೆ, ಮೆಲ್ಲಗೆ. ದಿನಾ ಡಬ್ಬಿಯಲ್ಲೇ ಹೋಗುತ್ತಾರಂತೆ. ಗುಂಡಿಗಳ ಡಬ್ಬದ ಕೀ ಇದ್ದ ಹಾಗೇ ಇದೆ. ಡಬ್ಬಿಗೆ ಇನ್ನೊಂದು ಕೀ ಇತ್ತು, ನನಗೆ ಮರೆತೇ ಹೋಗಿತ್ತು.

"ಇವತ್ತು ಬೆಳಗ್ಗೆ ನನ್ ನೀರಿನ ಬಾಟ್ಲಿ ಬಿದ್ದೋಯ್ತು ಅಜ್ಜಿ. ಬಗ್ಗಿ ಎತ್ಕೊಳ್ತಿದ್ದೆ. ಅಷ್ಟರಲ್ಲಿ ಢಬ್ ಅಂತು. ಕನ್ನಡಿ ಮುರಿದೋಯ್ತು. ನಂದೇ ತಪ್ಪು. ನಾನು ಹೇಳ್ಲಿಲ್ವಲ್ಲ." ಕಣ್ಣಲ್ಲಿ ನೀರು ತುಂಬಿಕೊಂಡಳು. "ತಾತ ಬೈಲಿಲ್ಲ."

ಅವಳ ಕೈಹಿಡಿದು ಓಡೋಡಿ ಮನೆಗೆ ಬಂದೆ. ಹೊದಿಕೆ ಎತ್ತಿದೆ. ಎಡಗಡೆ ಕನ್ನಡಿ ಒಂದು ವೈರಿನಲ್ಲಿ ನೇತಾಡುತ್ತಿದೆ. ಬಾಗಿಲಿನ ಮೇಲೆ ಗೀರು, ಹ್ಯಾಂಡಲ್‌ನಿಂದ ಕಿಟಕಿಯವರೆಗೆ. ಮಗುವಿನ ತಲೆ ಇರುವ ಎತ್ತರಕ್ಕೆ ತಗಡು ಒಳಕ್ಕೆ ಹೋಗಿದೆ. ಬಗ್ಗಿರದಿದ್ದರೆ...

ಇಲ್ಲ. ಅದನ್ನು ಬರೆಯಲಾರೆ.

ಎಂಟು ಗಂಟೆ

ಮಗುವಿಗೆ ಊಟ ಮಾಡಿಸಿ ಮಲಗಿಸಿದೆ. ಕೈ ಬಿಡದೆ ಮಲಗಿದಳು.

ಇವರು ಬಂದರು. ಹೊದಿಕೆ ತೆಗೆದಿದ್ದು ನೋಡಿಯೇ ಅವರಿಗೆ ತಿಳಿಯಿತು. ಒಳಗೆ ಬಂದು ಮೇಜಿನ ಹತ್ತಿರ ಕೂತರು.

"ಹತ್ತು ನಿಮಿಷದ ದಾರಿ ಕಣೇ. ಕಣ್ಣು ಮುಚ್ಕೊಂಡು ಹೋಗ್ಬಹುದು."

"ಅದನ್ನೇ ತಾನೇ ಮಾಡ್ತಿದ್ದದ್ದು ನೀವು."

ಇಷ್ಟು ಕೆಟ್ಟದಾಗಿ ಇವರ ಜೊತೆ ನಾನು ಎಂದೂ ಮಾತಾಡಿಲ್ಲ. ಆದರೆ ನಿಲ್ಲಿಸಲಾಗಲಿಲ್ಲ. "ಆರು ವರ್ಷದ ಮಗು ರೀ ಅದು. ಅದರ ಕಣ್ಣಿಗೆ ಸ್ಟೀರಿಂಗ್ ಕೊಟ್ರಲ್ಲ. ಈಗ ‘ನಂದೇ ತಪ್ಪು’ ಅಂತಿದೆ. ಕೇಳಿಸ್ತಾ? ನಂದೇ ತಪ್ಪು ಅಂತಿದೆ!"

ತಲೆ ತಗ್ಗಿಸಿದರು. ತಗ್ಗಿಸಿಕೊಂಡೇ ಹೇಳಿದರು, "ಮೊದಲನೇ ದಿನ ಆಟೋ ಬರ್ಲಿಲ್ಲ. ಲೇಟಾಗುತ್ತೆ ಅಂತ ಅಳ್ತಿದ್ಲು. ಒಂದೇ ಸಲ ಅಂತ ತೆಗ್ದೆ. ತಾನೇ ‘ಎಡಕ್ಕೆ ಸೈಕಲ್ ತಾತ’ ಅಂದ್ಲು, ನಿನ್ ಥರಾನೇ. ನಾನು ಹೂಂ ಅಂದೆ. ಎಲ್ಲ ಮೊದಲಿನ ಹಾಗೇ ಇದೆ ಅನ್ನಿಸ್ತು. ಅವಳು ಪಕ್ಕದಲ್ಲಿದ್ರೆ ನಾನು ಮುಗಿದುಹೋದೋನು ಅನ್ನಿಸ್ತಿರ್ಲಿಲ್ಲ ಕಣೇ."

ಅತ್ತರು. ನಾನೂ ಅತ್ತೆ. ಸಿಟ್ಟು ಹೋಗಲಿಲ್ಲ. ಪಾಪ ಅನ್ನಿಸುವುದೂ ಹೋಗಲಿಲ್ಲ. ಎರಡೂ ಒಟ್ಟಿಗೇ ಇರುತ್ತವೆ, ಏನು ಮಾಡುವುದು. ನನ್ನ ಮೇಲೂ ಸಿಟ್ಟು. ಮಾತು ಕೊಟ್ಟೆ ಅಂತ ಬಾಯಿ ಹೊಲಿದುಕೊಂಡು ಕೂತೆನಲ್ಲ. ಹೇಳಬೇಕಾದಾಗ ಹೇಳದೆ ಇದ್ದವಳು ಆ ಮಗುವಲ್ಲ, ನಾನು.

ಮಗಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಡ್ಯೂಟಿಯಲ್ಲಿ ಲಾಕರಿನಲ್ಲಿಟ್ಟಿರುತ್ತಾಳೆ. ಮೆಸೇಜ್ ಹಾಕಿದೆ—ಮುಗಿದ ಕೂಡಲೇ ಫೋನ್ ಮಾಡು, ಅಪ್ಪನ ವಿಷಯ.

"ನಾನೇ ಹೇಳ್ತೀನಿ" ಅಂದರು ಇವರು. "ಈ ಸಲ ನಿಜ. ಫೋನ್ ಇಲ್ಲಿಡು. ಅವಳದು ಬಂದ ತಕ್ಷಣ ನಾನೇ ಎತ್ತುತ್ತೀನಿ."

ಇಟ್ಟೆ. ಮಗು ಏಳಬಾರದು ಅಂತ ಸದ್ದು ಆರಿಸಿ. ನಾನು ಎದುರು ಕೂತು ಇದನ್ನು ಬರೆಯುತ್ತಿದ್ದೇನೆ. ನಾಳೆ ಗ್ಯಾರೇಜಿನವನನ್ನು ಕರೆಸಿ ಡಬ್ಬಿಯನ್ನು ಕೊಟ್ಟುಬಿಡಬೇಕು. ಸೋಮವಾರದಿಂದ ಸುಂಡಿಲಿಯನ್ನು ನಾನೇ ನಡೆಸಿಕೊಂಡು ಹೋಗುತ್ತೇನೆ, ಲಾಡ್ಜಿನವರು ಕಾಯಲಿ. ಮಗಳಿಗೆ ಕಣ್ಣಿನ ಪರೀಕ್ಷೆ. ಎಲ್ಲ ಹೇಳಬೇಕು.

ಇವರು ಬಾಗಿಲ ಕಡೆ ನೋಡುತ್ತ ಕೂತಿದ್ದಾರೆ. ಎತ್ತುತ್ತೇನೆ ಅಂತ ಕೈ ಸಿದ್ಧವಾಗಿ ಮೇಜಿನ ಮೇಲೆ.

ಫೋನ್ ಬೆಳಗುತ್ತಿದೆ. ಮಗಳ ಫೋಟೊ. ಇವರ ಎಡಗೈಯ ಪಕ್ಕದಲ್ಲೇ, ಒಂದು ಗೇಣು. ಬೆಳಗಿ ಆರಿ ಬೆಳಗುತ್ತಿದೆ. ಇವರು ಇನ್ನೂ ಕಾಯುತ್ತಿದ್ದಾರೆ.

ನಾಲಿಗೆಯ ತುದಿಗೆ ಬಂದಿದೆ, ಎಡಕ್ಕೆ ರೀ ಅಂತ. ಇಲ್ಲ. ಇನ್ನು ಅದನ್ನು ಹೇಳುವುದಿಲ್ಲ. ನಾನೇ ಎತ್ತಿ—